ತಪ್ಪಿದ್ದನ್ನೂ ಬರೆದಿಡಿ

ಕೇಳುಗರಿಗೆ ನಮಸ್ಕಾರ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೋ, ಹೊಲಕ್ಕೆ ಹೊರಡುವ ಗಡಿಬಿಡಿಯಲ್ಲೋ ಇದನ್ನು ಕೇಳುತ್ತಿದ್ದೀರಿ ಎಂದುಕೊಂಡಿದ್ದೇನೆ. ಮೂವತ್ತು ವರ್ಷ ಅಂತರ್ಜಲದ ಕೆಲಸ ಮಾಡಿ ನಿವೃತ್ತನಾದವನು ನಾನು. ನಂಬಿಕೆ, ಮೂಢನಂಬಿಕೆಗಳ ಬಗ್ಗೆ ಮಾತನಾಡಿ ಎಂದಿದ್ದಾರೆ. ದೇವರಿದ್ದಾನೋ ಇಲ್ಲವೋ ಎಂಬ ಗೊಡವೆಗೆ ನಾನು ಹೋಗುವುದಿಲ್ಲ. ನನ್ನದು ಒಂದೇ ಮಾತು: ಫಲಿಸಿದ್ದನ್ನು ನೆನಪಿಡುತ್ತೀರಲ್ಲ, ತಪ್ಪಿದ್ದನ್ನೂ ಬರೆದಿಡಿ.

ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವನ ಹೊಲ. ಕೊಳವೆಬಾವಿ ಕೊರೆಸಬೇಕೆಂದು ಮಾವ ನೀರು ನೋಡುವವರನ್ನು ಕರೆಸಿದ್ದರು. ಬಿಳಿ ಪಟಕದ ಹಿರಿಯರು, ಮಾತು ಕಡಿಮೆ. ಮೋಸಗಾರರಲ್ಲವೇ ಅಲ್ಲ, ಬಸ್ ಚಾರ್ಜು, ಒಂದು ಟವೆಲ್ಲು, ಊಟ, ಇಷ್ಟಕ್ಕೇ ತೃಪ್ತರು. ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಬರಿಗಾಲಲ್ಲಿ ನಡೆದರು. ಬೇವಿನ ಮರ ದಾಟಿದ್ದೇ ತಡ, ಕಾಯಿ ನಿಧಾನಕ್ಕೆ ಎದ್ದು ನಿಂತಿತು. ನಾನೇ ಕಣ್ಣಾರೆ ಕಂಡೆ. ಮಾವ ಅಲ್ಲಿ ಕಲ್ಲು ನೆಟ್ಟು ಅರಿಶಿನ ಹಚ್ಚಿದರು.

ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ, ಬಾಯಿ ಸುಮ್ಮನಿರಲಿಲ್ಲ. ‘ಅಜ್ಜಾ, ಕಣ್ಣಿಗೆ ವಸ್ತ್ರ ಕಟ್ಟುತ್ತೇನೆ, ಇನ್ನೊಮ್ಮೆ ನಡೆಯುತ್ತೀರಾ?’ ಎಂದೆ. ಮಾವ ನನ್ನನ್ನು ನುಂಗುವಂತೆ ನೋಡಿದರು. ಹಿರಿಯರು ನಕ್ಕು ಒಪ್ಪಿದರು. ಕೈ ಹಿಡಿದು ಮೂರು ಸುತ್ತು ಸುತ್ತಿಸಿ ಬಿಟ್ಟೆ. ಆ ಅರಿಶಿನದ ಕಲ್ಲಿನ ಪಕ್ಕದಲ್ಲೇ ಎರಡು ಸಲ ಹಾದು ಹೋದರು, ಕಾಯಿ ಮಿಸುಕಲಿಲ್ಲ. ಮೂವತ್ತು ಹೆಜ್ಜೆ ಆಚೆ, ಕಣದ ಹತ್ತಿರ, ಎದ್ದು ನಿಂತಿತು. ವಸ್ತ್ರ ಬಿಚ್ಚಿದಾಗ ನಮ್ಮೆಲ್ಲರಿಗಿಂತ ಹೆಚ್ಚು ಬೆರಗಾದವರು ಅವರೇ.

ಮಾವ ಕೇಳುತ್ತಾರೆಯೇ? ಮೊದಲಿನ ಜಾಗದಲ್ಲೇ ಕೊರೆಸಿದರು. ಎರಡು ಇಂಚು ನೀರು ಬಿತ್ತು! ಊರಿಗೆ ಊರೇ ನನ್ನನ್ನು ನೋಡಿ ನಕ್ಕಿತು. ಆ ಸಿಟ್ಟಿಗೆ ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋದೆ. ಅದೇ ಹಿರಿಯರು ತೋರಿಸಿದ ಹನ್ನೊಂದು ಕಡೆ ಆ ಊರಿನಲ್ಲಿ ಕೊರೆಸಿದ್ದರು. ನಾಲ್ಕರಲ್ಲಿ ನೀರು, ಏಳರಲ್ಲಿ ಬರೀ ಧೂಳು. ನಾಲ್ಕರ ಕಥೆ ಊರಿನ ಮಕ್ಕಳಿಗೂ ಬಾಯಿಪಾಠ. ಏಳರದ್ದು ಕೇಳಿದರೆ, ‘ಜಾಗ ಸರಿಯಿತ್ತು ಸರ್, ಲಾರಿಯವನು ಒಂದು ಗೇಣು ಈಚೆಗೆ ಇಳಿಸಿದ’, ‘ಮನೆಯಲ್ಲಿ ಸೂತಕವಿತ್ತು’, ‘ಇನ್ನೂ ಐವತ್ತು ಅಡಿ ಹೋಗಬೇಕಿತ್ತು’. ಸಾಲ ತೀರಿಸುತ್ತಿರುವವರೇ ಹೀಗೆ ಹೇಳುತ್ತಿದ್ದರು.

ನಮ್ಮ ಕೊಪ್ಪಳ, ರಾಯಚೂರು ಸೀಮೆಯ ಹೊಲಗಳಡಿ ಹೆಚ್ಚಾಗಿ ಇರುವುದು ಗ್ರಾನೈಟು, ಅದರ ಜಾತಿಯ ನೈಸ್ ಬಂಡೆ. ಅದರೊಳಗೆ ಯಾವ ಗಂಗೆಯೂ ಹೊಳೆಯಾಗಿ ಹರಿಯುವುದಿಲ್ಲ. ಮೇಲಿನ ಕೊಳೆತ ಕಲ್ಲಿನಲ್ಲಿ, ಕೆಳಗಿನ ಬಿರುಕುಗಳಲ್ಲಿ ಮಳೆಯ ನೀರು ನಿಂತಿರುತ್ತದೆ. ಕಣ್ಣು ಮುಚ್ಚಿ ಕೊರೆದರೂ ಕೆಲವು ಸಲ ಬಿರುಕು ಸಿಕ್ಕೇ ಸಿಗುತ್ತದೆ. ಹಾಗಾದರೆ ಕಾಯಿ ಏಳುವುದೇಕೆ? ಕೈಯೇ ಎಬ್ಬಿಸುತ್ತದೆ, ಕೈಯೊಡೆಯನಿಗೆ ಗೊತ್ತಾಗುವುದಿಲ್ಲ. 1853ರಲ್ಲಿ ಇಂಗ್ಲೆಂಡಿನಲ್ಲಿ ಜನ ಮೇಜಿನ ಸುತ್ತ ಕುಳಿತು ಕೈಯಿಟ್ಟರೆ ಮೇಜು ತಾನೇ ತಿರುಗುತ್ತದೆ, ಅದು ಪ್ರೇತಗಳ ಕೆಲಸ ಎನ್ನುತ್ತಿದ್ದರು. ವಿಜ್ಞಾನಿ ಮೈಕೆಲ್ ಫ್ಯಾರಡೆ ಕೈಗೂ ಮೇಜಿಗೂ ನಡುವೆ ಸಡಿಲವಾಗಿ ಅಂಟಿಸಿದ ರಟ್ಟುಗಳನ್ನಿಟ್ಟು ನೋಡಿದ. ಮೊದಲು ಸರಿದದ್ದು ಕೈ, ಆಮೇಲೆ ಮೇಜು. ನಿಮ್ಮ ಪಂಪ್‌ಸೆಟ್ಟಿನ ಮೋಟಾರಿಗೆ ದಾರಿ ತೋರಿಸಿದವನೂ ಅದೇ ಫ್ಯಾರಡೆ. ಅವನ ಮೋಟಾರು ಬೇಕು, ರಟ್ಟು ಬೇಡವೇ?

ನೀರು ಹುಡುಕುವ ನಮ್ಮ ಯಂತ್ರಗಳೂ ತಪ್ಪುತ್ತವೆ. ಆದರೆ ತಪ್ಪಿದ್ದನ್ನು ಕಡತದಲ್ಲಿ ಬರೆಯುತ್ತೇವೆ. ವಿಜ್ಞಾನ ಎಂದರೆ ಇಷ್ಟೇ, ಬೇರೆ ಮಂತ್ರವಿಲ್ಲ.

ಅಯ್ಯೋ, ಸಮಯ ಓಡಿದೆ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದ ಸುದ್ದಿ ನಿಮಗೆ ನೆನಪಿದೆ; ಹಾಲಿಗೆ ಬಣ್ಣ ಬೆರೆಸಿ ನೋಡಿದಾಗ ಅದು ವಿಗ್ರಹದ ಮೈಮೇಲೆ ತೆಳ್ಳಗೆ ಇಳಿದು ಹೋಗುತ್ತಿದ್ದದ್ದು ಎಷ್ಟು ಜನರಿಗೆ ನೆನಪಿದೆ? 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಅದರ ಬಗ್ಗೆ ಒಂದು ಗಂಟೆ ಹೇಳಬೇಕಿತ್ತು.

ಮೈಲಾರ ಜಾತ್ರೆಯ ಕಾರಣಿಕದಲ್ಲಿ, ಅಂದರೆ ಭವಿಷ್ಯ ನುಡಿಯುವಾಗ, ಗೊರವಯ್ಯ ಬಿಲ್ಲನ್ನೇರಿ ಹೇಳುವುದು ಒಂದೇ ಸಾಲು. ಜಾತ್ರೆಯ ಆ ಗಳಿಗೆಯ ನಿಶ್ಶಬ್ದ ನನಗೂ ಮೈ ಜುಮ್ಮೆನಿಸುತ್ತದೆ. ಆದರೆ ಚುನಾವಣೆ ಮುಗಿದ ಮೇಲೆ ಗೆದ್ದವರೂ ಸೋತವರೂ ಅದೇ ಸಾಲನ್ನು ತಮ್ಮ ಕಡೆಗೆ ಎಳೆಯುತ್ತಾರೆ. ಚುನಾವಣೆಗೆ ಮೊದಲೇ ಅರ್ಥ ಬರೆದು ದಿನಾಂಕ ಹಾಕಿಡಿ. ಪಕ್ಷಗಳ ಪ್ರಣಾಳಿಕೆಯನ್ನೂ ಹಾಗೆಯೇ ಎತ್ತಿಡಿ, ಐದು ವರ್ಷಕ್ಕೆ ತೆಗೆದು ನೋಡಿ. ತಪ್ಪಿದ್ದನ್ನೂ ಬರೆದಿಡಿ ಎಂದೆನಲ್ಲ, ಅದು ತೆಂಗಿನಕಾಯಿಗೆ ಮಾತ್ರ ಹೇಳಿದ್ದಲ್ಲ.

ಗಾಜಿನಾಚೆಯಿಂದ ಕೈ ಸನ್ನೆ ಬಂತು. ಒಂದು ಮಾತು ಹೇಳಿ ಬಿಡುತ್ತೇನೆ. ಕಳೆದ ವಾರ ನನ್ನ ಸ್ವಂತ ತಮ್ಮ, ನನಗೆ ತಿಳಿಸದೆ, ಆ ಹಿರಿಯರ ಮಗನನ್ನು ಕರೆಸಿ ಹೊಲದಲ್ಲಿ ಕಾಯಿ ನಿಲ್ಲಿಸಿಕೊಂಡಿದ್ದಾನೆ. ಬೋರ್‌ವೆಲ್ ಲಾರಿ ನಾಳೆ ಬರುತ್ತದಂತೆ. ನೋಟ್‌ಬುಕ್ ತೆಗೆದುಕೊಂಡು ನಾನೂ ಹೊರಟಿದ್ದೇನೆ. ನಮಸ್ಕಾರ.