ಮೂವತ್ತೆರಡು ಪದ ಕಡಿಮೆ

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ತರಗತಿ ಮುಗಿದ ಮೇಲೆ ಒಬ್ಬ ಹುಡುಗಿ ಪ್ರಬಂಧದ ಹಾಳೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದು ನಿಂತಳು. ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಸಣ್ಣ ಸಣ್ಣ ಅಂಕಿಗಳು: 50, 100, 150. ಒಂದೊಂದು ಪದದ ಮೇಲೂ ಬೆರಳಿಟ್ಟು ಎಣಿಸಿದ್ದಳು. "ಮೇಡಂ, 300 ಪದ ಬರೀಬೇಕು ಅಂದಿದ್ರಿ. 268 ಆಗಿದೆ. ಇನ್ನು 32 ಪದಕ್ಕೆ ಏನು ಸೇರಿಸ್ಲಿ?" ಎಂದು ಕೇಳಿದಳು.

ತಪ್ಪು ಅವಳದಲ್ಲ. ಇಂತಿಷ್ಟು ಪದಗಳಲ್ಲಿ ಬರೆಯಿರಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಅಚ್ಚು ಹಾಕಿಸುವ ನಾವು, ಆ ಅಂಕಿ ಅಲ್ಲಿ ಯಾಕಿದೆ ಎಂದು ಮಕ್ಕಳಿಗೆ ಬಿಡಿಸಿ ಹೇಳುವುದು ಅಪರೂಪ. ಹಾಗಾಗಿ ಅವರು ಅದನ್ನು ತುಂಬಿಸಬೇಕಾದ ಕೊಡ ಎಂದುಕೊಳ್ಳುತ್ತಾರೆ. ತುಂಬದಿದ್ದರೆ ನೀರು ಹುಯ್ಯುತ್ತಾರೆ.

ನನ್ನ ಪ್ರಕಾರ ಆ ಅಂಕಿ ಹೇಳುವುದು ಒಂದೇ ವಿಷಯ: ಎಷ್ಟು ಆಳಕ್ಕೆ ಇಳಿಯಬೇಕು ಎಂದು. 100 ಪದ ಎಂದರೆ ಒಂದು ವಿಚಾರ, ಅದಕ್ಕೊಂದು ಕಾರಣ, ಅಷ್ಟೇ. 300 ಪದದಲ್ಲಿ ಎರಡು ವಿಚಾರಗಳನ್ನು ಉದಾಹರಣೆ ಸಮೇತ ಹೇಳಬಹುದು. ಬಹಳ ಹಿಸುಕಿದರೆ ಮೂರು. 1000 ಪದ ಕೊಟ್ಟಿದ್ದಾರೆಂದರೆ ನಿಮ್ಮ ವಾದಕ್ಕೆ ಎದುರಾಗಿ ಒಬ್ಬರು ಏನು ಹೇಳಬಹುದು, ಅದಕ್ಕೆ ನಿಮ್ಮ ಉತ್ತರವೇನು ಎಂಬುದನ್ನೂ ನಿರೀಕ್ಷಿಸುತ್ತಿದ್ದಾರೆ ಎಂದರ್ಥ. ಆದ್ದರಿಂದ ಪದ ಎಣಿಸಬೇಕಾದದ್ದು ಬರೆದು ಮುಗಿಸಿದ ಮೇಲಲ್ಲ, ಪೆನ್ನು ಎತ್ತುವ ಮೊದಲು. 300ರಲ್ಲಿ ಪೀಠಿಕೆಗೆ 40, ಮುಕ್ತಾಯಕ್ಕೆ 40 ತೆಗೆದಿಟ್ಟರೆ ಉಳಿಯುವುದು 220. ಏಳು ವಿಚಾರಗಳನ್ನು ಪಟ್ಟಿ ಮಾಡಿಕೊಂಡಿದ್ದರೆ ಒಂದಕ್ಕೆ ಸಿಗುವುದು ಸುಮಾರು 31 ಪದ ಮಾತ್ರ. ಐದನ್ನು ಆಗಲೇ ಬಿಟ್ಟುಬಿಡಿ.

ನಿಯಮಗಳೂ ಎಲ್ಲ ಕಡೆ ಒಂದೇ ತೆರನಾಗಿಲ್ಲ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಸಾಮರ್ಥ್ಯದ ಪರೀಕ್ಷೆಯ ಪ್ರಬಂಧದಲ್ಲಿ ಕನಿಷ್ಠ 250 ಪದ ಇರಲೇಬೇಕು. ಅಲ್ಲಿರುವುದು ಕೆಳಗಿನ ಗೆರೆ. ಐಬಿ ಎಂಬ ಅಂತರರಾಷ್ಟ್ರೀಯ ಶಾಲಾ ಪಠ್ಯಕ್ರಮದ ದೀರ್ಘ ಪ್ರಬಂಧಕ್ಕೆ 4000 ಪದ ಮೇಲಿನ ಗೆರೆ. ಅದನ್ನು ದಾಟಿದ ಭಾಗವನ್ನು ಪರೀಕ್ಷಕರು ಓದುವುದೇ ಇಲ್ಲ. ಅಂದರೆ ಒಳ್ಳೆಯ ಮಾತನ್ನು ಕೊನೆಗೆಂದು ಕಾದಿಟ್ಟ ವಿದ್ಯಾರ್ಥಿಗೆ ಆ ಮಾತೇ ನಷ್ಟ. ಶೇಕಡಾ 10ರಷ್ಟು ಹೆಚ್ಚು ಕಡಿಮೆಯಾದರೆ ಪರವಾಗಿಲ್ಲ ಎನ್ನುವ ಸಂಸ್ಥೆಗಳಿವೆ, ಒಂದು ಪದವನ್ನೂ ಬಿಡದ ಸಂಸ್ಥೆಗಳೂ ಇವೆ. ಉಲ್ಲೇಖಗಳು, ಅಡಿಟಿಪ್ಪಣಿ, ಶೀರ್ಷಿಕೆ ಲೆಕ್ಕಕ್ಕೆ ಸೇರುತ್ತವೆಯೇ ಎಂಬುದನ್ನು ಊಹಿಸಬೇಡಿ, ಮೊದಲೇ ಕೇಳಿ. ಕೇಳಿದರೆ ಯಾರೂ ಅಂಕ ಕಳೆಯುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಸಂಗತಿ ಇದೆ, ಇದು ನನಗೆ ಬಹಳ ಪ್ರಿಯವಾದದ್ದು. ನಮ್ಮ ಭಾಷೆ ಪದಗಳನ್ನು ಒಂದರೊಳಗೊಂದು ಬೆಸೆಯುತ್ತದೆ. "ಬಂದಿರಲಿಲ್ಲ" ಎನ್ನುವುದು ನಮಗೆ ಒಂದು ಪದ. ಇಂಗ್ಲಿಷಿನವರು ಅದಕ್ಕೆ "ಹ್ಯಾಡ್ ನಾಟ್ ಕಮ್" ಎಂದು ಮೂರು ಪದ ಖರ್ಚು ಮಾಡುತ್ತಾರೆ. "ಮನೆಯಲ್ಲಿ" ಒಂದು, "ಇನ್ ದ ಹೌಸ್" ಮೂರು. ಹಾಗಾಗಿ ಕನ್ನಡದ 300 ಪದಗಳಲ್ಲಿ ಹಿಡಿಸುವ ವಿಷಯ ಇಂಗ್ಲಿಷಿನ 300ಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿದ ಮಕ್ಕಳು ಕನ್ನಡದಲ್ಲಿ ಅದೇ ವಿಷಯ ಬರೆದರೂ ಪದಗಳ ಲೆಕ್ಕ ತುಂಬುತ್ತಿಲ್ಲ ಎಂದು ಗಾಬರಿಯಾಗುವುದು ಇದಕ್ಕೇ. ಸಂಧಿಯದ್ದೂ ಒಂದು ಲೆಕ್ಕ: "ಬರುವುದಿಲ್ಲವೆಂದು" ಬರೆದರೆ ಒಂದು, "ಬರುವುದಿಲ್ಲ ಎಂದು" ಬಿಡಿಸಿದರೆ ಎರಡು. ಕಂಪ್ಯೂಟರಿಗೆ ವ್ಯಾಕರಣ ತಿಳಿಯದು, ಅದು ನಡುವಿನ ಜಾಗಗಳನ್ನು ನೋಡಿ ಎಣಿಸುತ್ತದೆ. ಹಾಗೆಂದು ಲೆಕ್ಕಕ್ಕೋಸ್ಕರ ಪದ ಒಡೆಯಬೇಡಿ. ಓದುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಕೈಬರಹದಲ್ಲಿ ಬರೆಯುವವರು ಪ್ರತಿ ಪದ ಎಣಿಸುತ್ತಾ ಕೂರಬೇಕಾಗಿಲ್ಲ. ನಿಮ್ಮದೇ ಬರಹದ ಹತ್ತು ಸಾಲು ಎಣಿಸಿ, ಸಾಲಿಗೆ ಸರಾಸರಿ ಎಷ್ಟು ಪದ ಎಂದು ತಿಳಿದುಕೊಳ್ಳಿ. ಸಾಲಿಗೆ ಆರು ಬಂದರೆ 50 ಸಾಲಿಗೆ 300. ಪರೀಕ್ಷೆಯ ದಿನ ಸಾಲು ಎಣಿಸಿದರೆ ಸಾಕು.

ಮಿತಿ ಮೀರಿದಾಗ ಕತ್ತರಿ ಹಾಕುವುದು ಎಷ್ಟೋ ಮಕ್ಕಳಿಗೆ ಸಂಕಟದ ಕೆಲಸ, ಬರೆದದ್ದರ ಮೇಲೆ ಮಮತೆ ಇರುತ್ತದೆ. ಆದರೆ "ಪರಿಶೀಲನೆಯನ್ನು ಮಾಡಬೇಕಾದ ಅವಶ್ಯಕತೆ ಇದೆ" ಎಂಬ ನಾಲ್ಕು ಪದಗಳ ಜಾಗದಲ್ಲಿ "ಪರಿಶೀಲಿಸಬೇಕು" ಎಂದು ಬರೆದರೆ ಏನು ಕಳೆದುಹೋಯಿತು? ಇಂಥ ನಾಲ್ಕೈದು ಕಡೆ ಕೈಯಾಡಿಸಿದರೆ ಒಂದು ಹೊಸ ವಾಕ್ಯಕ್ಕೆ ಜಾಗ ಸಿಗುತ್ತದೆ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಪ್ರಬಂಧದ ವಿಷಯ "ನಾನು ಮೆಚ್ಚಿದ ವ್ಯಕ್ತಿ". ಅವಳು ಅಜ್ಜಿಯ ಬಗ್ಗೆ ಬರೆದಿದ್ದಳು. ಜೀವನದಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರು ಬೇಕು ಎಂದು ಶುರುವಾಗಿ ಐದಾರು ಸಾಲು ಹಾಗೇ ಸಾಗಿತ್ತು. ಆಮೇಲೆ "ನನ್ನ ಅಜ್ಜಿ ತುಂಬಾ ಧೈರ್ಯವಂತೆ" ಎಂಬ ಮಾತು. ಅದರ ಮುಂದೆ ಅಜ್ಜಿಯ ಅಡುಗೆ, ಅಜ್ಜಿಯ ಪ್ರೀತಿ.

ಏನು ಸೇರಿಸಲಿ ಎಂಬ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. "ಧೈರ್ಯವಂತೆ ಅಂತ ನಿನಗೆ ಯಾವಾಗ ಗೊತ್ತಾಯ್ತಮ್ಮ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: ಅರವತ್ತು ದಾಟಿದ ಮೇಲೆ ಅಜ್ಜಿ ಅವಳ ಹಳೆಯ ನೋಟ್ ಪುಸ್ತಕದಲ್ಲಿ ತಮ್ಮ ಹೆಸರನ್ನು ತಿದ್ದಿ ತಿದ್ದಿ ಕಲಿತರಂತೆ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಎಂದು ಶಾಯಿಯ ಡಬ್ಬಿ ಮುಂದೆ ಸರಿಸಿದವರಿಗೆ, "ಪೆನ್ನು ಕೊಡಪ್ಪ" ಎಂದರಂತೆ. ಹಿಂದೆ ಸಾಲಿನಲ್ಲಿ ನಿಂತವರು ಅವಸರ ಮಾಡಿದರೂ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿ ಮುಗಿಸಿದರಂತೆ.

"ಇದನ್ನ ಬರೆದಿಲ್ಲವಲ್ಲ?" ಎಂದೆ. "ಇದೆಲ್ಲ ಬರೀಬಹುದಾ ಮೇಡಂ?" ಎಂದಳು.

ಮರುದಿನ ಬೆಳಿಗ್ಗೆ ಮತ್ತೆ ಬಂದಳು. ಈಗ 300 ದಾಟಿ 41 ಪದ ಹೆಚ್ಚಾಗಿತ್ತು. ನಾನು ಏನೂ ಹೇಳುವ ಮೊದಲೇ ಪೆನ್ಸಿಲ್ ತೆಗೆದು ಮಾರ್ಗದರ್ಶಕರ ಮೇಲಿನ ಐದಾರು ಸಾಲುಗಳಿಗೆ ಅಡ್ಡಗೆರೆ ಎಳೆದಳು. ಆಮೇಲೆ ಸ್ವಲ್ಪ ಯೋಚಿಸಿ, "ನನ್ನ ಅಜ್ಜಿ ತುಂಬಾ ಧೈರ್ಯವಂತೆ" ಎಂಬ ವಾಕ್ಯವನ್ನೂ ಹೊಡೆದು ಹಾಕಿದಳು.

ನಮಸ್ಕಾರ.