ಹಾಲಿನ ಮಾರುಕಟ್ಟೆ ತೆರೆಯಲು ಯಾರ ಒಪ್ಪಿಗೆ ಬೇಕು?

ನಮಸ್ಕಾರ. ಏಷ್ಯಾ–ಪೆಸಿಫಿಕ್ ದೇಶಗಳ ನಡುವಿನ ಆರ್‌ಸಿಇಪಿ ವ್ಯಾಪಾರ ಒಪ್ಪಂದದ ಬಗ್ಗೆ ನಮ್ಮ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯೊಂದು ಹಲವು ದಿನಗಳಿಂದ ನನ್ನನ್ನು ಕಾಡುತ್ತಿದೆ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಭಾರತ ಈ ಒಪ್ಪಂದಕ್ಕೆ ಸೇರುವುದಿಲ್ಲ ಎಂದು ಪ್ರಕಟಿಸಿದರು. ಕಡುಬಡವರನ್ನು ನೆನೆದು ನಿರ್ಧರಿಸಿ ಎಂಬ ಗಾಂಧೀಜಿಯವರ ಮಂತ್ರವಾಗಲಿ ತಮ್ಮ ಅಂತಃಸಾಕ್ಷಿಯಾಗಲಿ ಅದಕ್ಕೆ ಅನುಮತಿಸುವುದಿಲ್ಲ ಎಂದರು. ರೈತರು ನೆಮ್ಮದಿಯ ನಿಟ್ಟುಸಿರು ಬಿಟ್ಟರು. ವೀಕ್ಷಕರ ಪ್ರಶ್ನೆ ಇಷ್ಟೇ: ಅಂದು ಅವರ ಅಂತಃಸಾಕ್ಷಿ ಒಪ್ಪಿಬಿಟ್ಟಿದ್ದರೆ, ‘ಸೇರುತ್ತೇವೆ’ ಎನ್ನಲು ಇನ್ನು ಯಾರ ಒಪ್ಪಿಗೆ ಬೇಕಾಗುತ್ತಿತ್ತು?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೇಂದ್ರ ಸಚಿವ ಸಂಪುಟದ ಒಪ್ಪಿಗೆಯೊಂದೇ ಸಾಕಾಗುತ್ತಿತ್ತು. ಲೋಕಸಭೆಯಲ್ಲಿ ಮತಕ್ಕೆ ಹಾಕಬೇಕಾಗಿರಲಿಲ್ಲ, ರಾಜ್ಯಗಳ ಅಭಿಪ್ರಾಯ ಪಡೆಯಬೇಕೆಂಬ ಕಟ್ಟುಪಾಡು ಇರಲಿಲ್ಲ, ಇನ್ನು ಡೇರಿಗೆ ಹಾಲು ಹಾಕುವವರನ್ನು ಕೇಳುವ ಮಾತು ದೂರವೇ ಉಳಿಯಿತು.

ಒಪ್ಪಂದದ ಪರಿಚಯ ಚಿಕ್ಕದಾಗಿ. 2012ರ ನವೆಂಬರ್‌ನಲ್ಲಿ ನಾಮ್ ಪೆನ್‌ನಲ್ಲಿ 16 ದೇಶಗಳು ಮಾತುಕತೆಗೆ ಚಾಲನೆ ಕೊಟ್ಟವು: ಆಗ್ನೇಯ ಏಷ್ಯಾದ ಒಕ್ಕೂಟವಾದ ಆಸಿಯಾನ್‌ನ ಹತ್ತು ದೇಶಗಳು, ಜೊತೆಗೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಭಾರತ. ಪರಸ್ಪರರ ಸರಕುಗಳ ಮೇಲಿನ ಆಮದು ಸುಂಕವನ್ನು ಇಳಿಸುವುದು ಅದರ ಮುಖ್ಯ ಉದ್ದೇಶ. ಭಾರತ ಹೊರಬಂದ ಮೇಲೆ ಉಳಿದ 15 ದೇಶಗಳು 2020ರ ನವೆಂಬರ್ 15ರಂದು ಸಹಿ ಹಾಕಿದವು. ಏಳು ವರ್ಷ ನಡೆದ ಮಾತುಕತೆಯಲ್ಲಿ ಭಾರತ ಏನು ಕೇಳುತ್ತಿದೆ, ಏನು ಬಿಟ್ಟುಕೊಡಲಿದೆ ಎಂಬ ಕರಡು ನಮ್ಮ ಕೈಗೆ ಅಧಿಕೃತವಾಗಿ ಬರಲೇ ಇಲ್ಲ. ಹೊರಗೆ ಕಂಡಿದ್ದು ಸೋರಿಕೆಯಾದ ಕೆಲವು ಅಧ್ಯಾಯಗಳು ಮಾತ್ರ.

[ದೃಶ್ಯ: ಹಳ್ಳಿಯೊಂದರ ಹಾಲು ಉತ್ಪಾದಕರ ಸಹಕಾರ ಸಂಘ, ಬೆಳಗಿನ ಜಾವ]

ಈ ದೃಶ್ಯವನ್ನು ಸ್ವಲ್ಪ ಹೊತ್ತು ನೋಡಿ. ಇನ್ನೂ ಬೆಳಕು ಹರಿದಿಲ್ಲ. ಕ್ಯಾನು ಹಿಡಿದವರು ಸಾಲಾಗಿ ನಿಂತಿದ್ದಾರೆ. ಒಬ್ಬ ತಾಯಿ ಆರು ಲೀಟರ್ ಹಾಲು ತಂದಿದ್ದಾರೆ. ಕಾರ್ಯದರ್ಶಿ ಸಣ್ಣ ಬಾಟಲಿಯಲ್ಲಿ ಮಾದರಿ ತೆಗೆದು ಯಂತ್ರಕ್ಕಿಡುತ್ತಾರೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ದರ ಎಷ್ಟು ಎಂದು ಮುದ್ರಿತವಾದ ಚೀಟಿ ಹೊರಬರುತ್ತದೆ. ಆ ತಾಯಿ ಅದನ್ನು ಬೆಳಕಿಗೆ ಹಿಡಿದು ಓದಿ, ಮಡಚಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾರೆ. ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ಅಲ್ಲೇ ನಿಂತು ಕೇಳುತ್ತಾರೆ. ಬಟವಾಡೆಯ ದಿನ ಲೆಕ್ಕ ತಾಳೆಯಾಗದಿದ್ದರೆ ಸಂಘದ ಸಭೆಯಲ್ಲಿ ಕೇಳುತ್ತಾರೆ. ಕೆಎಂಎಫ್ ಜಾಲದಲ್ಲಿ ಇಂಥ ಸದಸ್ಯರು 20 ಲಕ್ಷಕ್ಕೂ ಹೆಚ್ಚಿದ್ದಾರೆ. ಹೆಚ್ಚಿನವರ ಕೊಟ್ಟಿಗೆಯಲ್ಲಿರುವುದು ಒಂದೆರಡು ಹಸು.

ಇನ್ನೊಂದು ಕಡೆ ನ್ಯೂಜಿಲೆಂಡ್. ಅಲ್ಲಿನ ಜನಸಂಖ್ಯೆ ಸುಮಾರು 50 ಲಕ್ಷ, ಕರೆಯುವ ಹಸುಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಒಂದು ಹಿಂಡಿನಲ್ಲಿ ಸರಾಸರಿ 400ಕ್ಕೂ ಹೆಚ್ಚು ಹಸುಗಳಿರುತ್ತವೆ, ಉತ್ಪಾದನೆಯ ಶೇ 95ರಷ್ಟು ರಫ್ತಾಗುತ್ತದೆ. ಸುಂಕವಿಲ್ಲದೆ ಆ ಹಾಲಿನ ಪುಡಿ ಇಲ್ಲಿಗೆ ಬಂದರೆ ಚೀಟಿಯಲ್ಲಿ ಮುದ್ರಿತವಾಗುವ ದರ ಏನಾಗಬಹುದು ಎಂಬುದೇ 2019ರ ಅಕ್ಟೋಬರ್‌ನಲ್ಲಿ ದೇಶದ ರೈತ ಸಂಘಟನೆಗಳನ್ನು ಬೀದಿಗಿಳಿಸಿದ ಭಯ.

ಆ ಭಯಕ್ಕೆ ಆಧಾರವೂ ಇತ್ತು. ವಿಶ್ವ ವ್ಯಾಪಾರ ಸಂಸ್ಥೆಗಿಂತ ಹಿಂದಿನ ಜಾಗತಿಕ ವ್ಯಾಪಾರ ವ್ಯವಸ್ಥೆಯಾದ ಗ್ಯಾಟ್ ಒಪ್ಪಂದದ ಕಾಲದಲ್ಲಿ ಹಾಲಿನ ಪುಡಿಗೆ ಸುಂಕವನ್ನೇ ವಿಧಿಸುವುದಿಲ್ಲವೆಂದು ಭಾರತ ಮಾತು ಕೊಟ್ಟಿತ್ತು. ಆಗ ನಮಗೆ ಹಾಲಿನ ಕೊರತೆ ಇದ್ದುದರಿಂದ ಯಾರಿಗೂ ಅದು ದೊಡ್ಡದಾಗಿ ಕಾಣಲಿಲ್ಲ. ಮುಂದೆ ನಾವೇ ಜಗತ್ತಿನ ಅತಿ ದೊಡ್ಡ ಹಾಲು ಉತ್ಪಾದಕರಾದೆವು, ಹಳೆಯ ಮಾತು ಮಾತ್ರ ಹಾಗೆಯೇ ಉಳಿದಿತ್ತು. 1999–2000ರ ಹೊತ್ತಿಗೆ ಆಮದು ಏರತೊಡಗಿದಾಗ ಮತ್ತೆ ಚೌಕಾಸಿಗೆ ಕೂತು, ಮೊದಲ 10,000 ಟನ್‌ಗೆ ಶೇ 15, ಅದರ ಮೇಲಿನದಕ್ಕೆ ಶೇ 60 ಸುಂಕ ಎಂಬ ರಕ್ಷಣೆಯನ್ನು ಪಡೆಯಬೇಕಾಯಿತು. ಒಮ್ಮೆ ಹಾಕಿದ ಸಹಿಯನ್ನು ತಿದ್ದಲು ಪ್ರತಿಯಾಗಿ ಇನ್ನೇನನ್ನಾದರೂ ಕೊಡಬೇಕಾಗುತ್ತದೆ. ಆದ್ದರಿಂದಲೇ ಸಹಿಗೆ ಮುಂಚೆ ಕೇಳಿ ಎಂದು ರೈತರು ಹೇಳುತ್ತಿರುವುದು.

ಈಗ ನನ್ನನ್ನು ಅತ್ಯಂತ ಬೆರಗುಗೊಳಿಸಿದ ವಿಷಯಕ್ಕೆ ಬರುತ್ತೇನೆ. ಸಂವಿಧಾನದ ಏಳನೆಯ ಅನುಸೂಚಿಯನ್ನು ತೆರೆಯಿರಿ. ಯಾವ ವಿಷಯ ಕೇಂದ್ರದ್ದು, ಯಾವುದು ರಾಜ್ಯದ್ದು ಎಂದು ಹಂಚಿರುವ ಪಟ್ಟಿಗಳು ಅಲ್ಲಿವೆ. ರಾಜ್ಯ ಪಟ್ಟಿಯ 14ನೇ ನಮೂದನ್ನು ಓದಿ: ಕೃಷಿ. ಈಗ ಕೇಂದ್ರ ಪಟ್ಟಿಯ 14ನೇ ನಮೂದನ್ನು ಓದಿ: ವಿದೇಶಗಳೊಡನೆ ಒಪ್ಪಂದಗಳನ್ನು ಮಾಡಿಕೊಳ್ಳುವುದು ಮತ್ತು ಅವನ್ನು ಜಾರಿಗೆ ತರುವುದು. ಒಂದೇ ಸಂಖ್ಯೆ, ಎರಡು ಪಟ್ಟಿ. ಇದು ಕೇವಲ ಕಾಕತಾಳೀಯ ಎಂದು ನನಗೆ ಗೊತ್ತಿದೆ, ಆದರೂ ನಮ್ಮ ಸಮಸ್ಯೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಚಿತ್ರ ನನಗೆ ಸಿಕ್ಕಿಲ್ಲ. ಈ ಎರಡು ಹದಿನಾಲ್ಕುಗಳು ಮುಖಾಮುಖಿಯಾದರೆ ಗೆಲ್ಲುವುದು ಯಾವುದು ಎಂಬುದನ್ನು 253ನೇ ವಿಧಿ ಹೇಳುತ್ತದೆ: ಅಂತರರಾಷ್ಟ್ರೀಯ ಒಪ್ಪಂದವನ್ನು ಜಾರಿಗೊಳಿಸಲು ಸಂಸತ್ತು ಯಾವ ವಿಷಯದ ಮೇಲಾದರೂ, ರಾಜ್ಯ ಪಟ್ಟಿಯ ವಿಷಯವಾಗಿದ್ದರೂ, ಕಾನೂನು ಮಾಡಬಹುದು.

ಹಾಗಾದರೆ ಸಂಸತ್ತಿನಲ್ಲಾದರೂ ಚರ್ಚೆಯಾಗುತ್ತದಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೆಂದೇ ಭಾವಿಸಿದ್ದೆ. ಆದರೆ 1969ರ ಮಗನ್‌ಭಾಯಿ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಒಪ್ಪಂದವು ನಾಗರಿಕರ ಹಕ್ಕುಗಳನ್ನು ಮೊಟಕುಗೊಳಿಸಿದರೆ ಅಥವಾ ಇರುವ ಕಾನೂನನ್ನು ಬದಲಿಸಿದರೆ ಮಾತ್ರ ಹೊಸ ಕಾನೂನು ಬೇಕಾಗುತ್ತದೆ. ಸುಂಕ ಇಳಿಸಲು ಕಾನೂನನ್ನು ಬದಲಿಸಬೇಕಾಗಿಯೇ ಇಲ್ಲ, ಏಕೆಂದರೆ 1962ರ ಕಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಆ ಅಧಿಕಾರವನ್ನು ಈಗಾಗಲೇ ಸರ್ಕಾರಕ್ಕೆ ಕೊಟ್ಟಿದೆ. ರಾಜ್ಯಪತ್ರದಲ್ಲಿ ಒಂದು ಅಧಿಸೂಚನೆ ಹೊರಡಿಸಿದರೆ ಕೆಲಸ ಮುಗಿಯಿತು.

ಇದರ ಎದುರಿಗೆ ಬೇರುಬಾರಿಯನ್ನು ಇಟ್ಟು ನೋಡಿ. 1958ರಲ್ಲಿ ನೆಹರೂ ಮತ್ತು ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್, ಪಶ್ಚಿಮ ಬಂಗಾಳದ ಬೇರುಬಾರಿ ಎಂಬ ಪುಟ್ಟ ಪ್ರದೇಶದ ಅರ್ಧವನ್ನು ಪಾಕಿಸ್ತಾನಕ್ಕೆ ಕೊಡುವುದೆಂದು ಒಪ್ಪಿಕೊಂಡರು. ಸಂವಿಧಾನಕ್ಕೆ ತಿದ್ದುಪಡಿ ಮಾಡದೆ ಹಾಗೆ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿತು, 1960ರಲ್ಲಿ ಒಂಬತ್ತನೆಯ ತಿದ್ದುಪಡಿ ಬಂತು. ಒಂದೂರಿನ ಅರ್ಧ ನೆಲವನ್ನು ಕೊಡಲು ಸಂವಿಧಾನವನ್ನೇ ತಿದ್ದಬೇಕು, ಲಕ್ಷಾಂತರ ಊರುಗಳ ಹಾಲಿನ ದರವನ್ನು ಅಲುಗಾಡಿಸಲು ಒಂದು ಅಧಿಸೂಚನೆ ಸಾಕು. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಮಾತುಕತೆಯ ಗುಟ್ಟನ್ನು ಬಿಟ್ಟುಕೊಟ್ಟರೆ ಎದುರಿನವರು ಅದರ ಲಾಭ ಪಡೆಯುತ್ತಾರೆ ಎಂಬುದು ಸರ್ಕಾರಗಳ ವಾದ. ಅದರಲ್ಲಿ ಹುರುಳಿದೆ. ನಮ್ಮ ದನಗಳ ಜಾತ್ರೆಗಳಲ್ಲಿ ವ್ಯಾಪಾರ ಕುದುರುವುದು ಟವೆಲ್ಲಿನ ಮರೆಯಲ್ಲೇ. ಇಬ್ಬರ ಕೈಗಳು ಬಟ್ಟೆಯ ಕೆಳಗೆ ಸೇರುತ್ತವೆ, ಬೆರಳು ಹಿಡಿದು ಸಾವಿರ, ಐನೂರು ಎಂದು ಸೂಚಿಸುತ್ತಾರೆ, ಸುತ್ತ ನಿಂತವರಿಗೆ ಮುಖಭಾವವಲ್ಲದೆ ಬೇರೇನೂ ಕಾಣುವುದಿಲ್ಲ. ಆದರೆ ಟವೆಲ್ ತೆಗೆದ ಮೇಲೆ ದಲ್ಲಾಳಿ ಎತ್ತಿನ ಒಡೆಯನ ಕಡೆ ತಿರುಗುತ್ತಾನೆ. ಒಡೆಯ ಒಪ್ಪಿ ತಲೆಯಾಡಿಸದೆ ಹಗ್ಗ ಕೈ ಬದಲಾಗುವುದಿಲ್ಲ. ಆರ್‌ಸಿಇಪಿ ಮಾತುಕತೆಯ ಕಾಲದಲ್ಲಿ ವಾಣಿಜ್ಯ ಸಚಿವಾಲಯ ಉದ್ಯಮ ಸಂಘಟನೆಗಳೊಡನೆ ಸಭೆಗಳನ್ನು ನಡೆಸಿದ್ದು ನಿಜ, ಆದರೆ ಕೊಟ್ಟಿಗೆಯ ಒಡೆಯರು ತಲೆಯಾಡಿಸುವ ಹಂತವನ್ನೇ ನಮ್ಮ ವ್ಯವಸ್ಥೆಯಲ್ಲಿ ಇಟ್ಟಿಲ್ಲ.

ಕರ್ನಾಟಕಕ್ಕೆ ಈ ದೂರು ಹೊಸದಲ್ಲ. ಗ್ಯಾಟ್‌ನ ಮಹಾನಿರ್ದೇಶಕ ಆರ್ಥರ್ ಡಂಕೆಲ್ 1991ರ ಡಿಸೆಂಬರ್‌ನಲ್ಲಿ ಮಂಡಿಸಿದ, ಕೃಷಿ ಮತ್ತು ಬೀಜದ ಹಕ್ಕುಗಳನ್ನೂ ಒಳಗೊಂಡ ವ್ಯಾಪಾರ ಒಪ್ಪಂದದ ಕರಡಿನ ವಿರುದ್ಧ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರಾಜ್ಯ ರೈತ ಸಂಘ ಹಳ್ಳಿಹಳ್ಳಿಗಳಲ್ಲಿ ಸಭೆ ನಡೆಸಿತು. ‘ಡಂಕೆಲ್’ ಎಂಬ ಹೆಸರು ಹಸಿರು ಶಾಲಿನವರ ಬಾಯಲ್ಲಿ ಮನೆಮಾತಾಯಿತು. 1992ರ ಡಿಸೆಂಬರ್ 29ರಂದು ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟರು. ಆ ದಾರಿಯನ್ನು ನಾನು ಒಪ್ಪುವುದಿಲ್ಲ. ಆದರೆ ನಮ್ಮ ಬೀಜದ ಮೇಲಿನ ಹಕ್ಕನ್ನು ನಮ್ಮನ್ನು ಕೇಳದೆ ಗ್ಯಾಟ್‌ನ ಕೇಂದ್ರವಾದ ಜಿನೀವಾದಲ್ಲಿ ಹೇಗೆ ತೀರ್ಮಾನಿಸುತ್ತೀರಿ ಎಂಬ ಅವರ ಪ್ರಶ್ನೆಗೆ ಮೂವತ್ತು ವರ್ಷ ಕಳೆದರೂ ಉತ್ತರ ಸಿಕ್ಕಿಲ್ಲ.

ಸಮಯ ಮೀರುತ್ತಿರುವುದರಿಂದ ಬೇರೆ ದೇಶಗಳ ಮಾತನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಇದೇ ಆರ್‌ಸಿಇಪಿಯನ್ನು ಆಸ್ಟ್ರೇಲಿಯಾದಲ್ಲಿ ಸಂಸದೀಯ ಸಮಿತಿಯೊಂದು ಪರಿಶೀಲಿಸಿ, ಸಾರ್ವಜನಿಕರ ಅಹವಾಲುಗಳನ್ನು ಸ್ವೀಕರಿಸಿತು. ಅಮೆರಿಕ ಮತ್ತು ಐರೋಪ್ಯ ಒಕ್ಕೂಟದ ನಡುವೆ ನಡೆಯುತ್ತಿದ್ದ ಟಿಟಿಐಪಿ ಎಂಬ ವ್ಯಾಪಾರ ಒಪ್ಪಂದದ ಮಾತುಕತೆಯ ವಿರುದ್ಧ ಯುರೋಪಿನಲ್ಲಿ 30 ಲಕ್ಷಕ್ಕೂ ಹೆಚ್ಚು ಸಹಿಗಳು ಸಂಗ್ರಹವಾದವು. ಜರ್ಮನಿಯ ಸಂಸದರಿಗೇ ಅದರ ಕರಡನ್ನು ಓದಲು 2016ರಲ್ಲಿ ಸಿಕ್ಕಿದ್ದು ಮೊಬೈಲ್ ಒಯ್ಯುವಂತಿಲ್ಲದ ಒಂದು ಕೋಣೆ, ಒಂದು ಭೇಟಿಗೆ ಎರಡು ಗಂಟೆ. ಆ ಒತ್ತಡಗಳ ಬಳಿಕ ಐರೋಪ್ಯ ಒಕ್ಕೂಟ ಪಾಠ ಕಲಿಯಿತೆಂದು ಕಾಣುತ್ತದೆ: ಭಾರತದೊಡನೆ ಮಾತುಕತೆಗೆ ತಾನು ಮಂಡಿಸಿದ ಕರಡುಗಳನ್ನು 2022ರಲ್ಲಿ ಅದು ತನ್ನ ಜಾಲತಾಣದಲ್ಲೇ ಪ್ರಕಟಿಸಿತು. ನಮ್ಮಿಂದ ಏನನ್ನು ಕೇಳಲಾಗುತ್ತಿದೆ ಎಂದು ಮಂಡ್ಯದ ರೈತರು ತಿಳಿಯಬೇಕಾದರೆ ಬ್ರಸೆಲ್ಸ್‌ನ ಪುಟವನ್ನು ತೆರೆಯಬೇಕಾಯಿತು.

ನಮ್ಮಲ್ಲಿ ಪರಿಹಾರವನ್ನು ಯಾರೂ ಸೂಚಿಸಿಲ್ಲವೆಂದಲ್ಲ. ಕರ್ನಾಟಕ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಗಳಾಗಿದ್ದ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗವು, ರಾಜ್ಯ ಪಟ್ಟಿಯ ವಿಷಯಗಳಿಗೆ ತಟ್ಟುವ ಒಪ್ಪಂದಗಳಿಗೆ ಸಹಿ ಹಾಕುವ ಮುನ್ನ ಕೇಂದ್ರ ಮತ್ತು ರಾಜ್ಯಗಳು ಕೂತು ಚರ್ಚಿಸುವ ಅಂತರರಾಜ್ಯ ಪರಿಷತ್ತಿನೊಡನೆ ಸಮಾಲೋಚಿಸುವುದನ್ನು ಪರಿಗಣಿಸಬೇಕೆಂದು 2002ರಲ್ಲೇ ಹೇಳಿತು. 2010ರಲ್ಲಿ ಕೇಂದ್ರ–ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಪೂಂಛಿ ಆಯೋಗ, ಒಪ್ಪಂದ ಮಾಡಿಕೊಳ್ಳುವ ಅಧಿಕಾರವನ್ನು ಸಂಸತ್ತು ಕಾನೂನಿನ ಮೂಲಕ ಕ್ರಮಬದ್ಧಗೊಳಿಸಬೇಕೆಂದಿತು. ಆ ಕಾನೂನು ಬಂದಿಲ್ಲ. ಅದು ಬರುವವರೆಗೂ ಮುಂದಿನ ಪ್ರತಿ ಮಾತುಕತೆಯ ಹೊತ್ತಿಗೆ ನಮ್ಮ ಸಂಸದರಿಂದ ಎರಡನ್ನು ಕೇಳೋಣ: ಕೃಷಿಗೆ ಸಂಬಂಧಿಸಿದ ಅಧ್ಯಾಯ ಸಹಿಗೆ ಮುನ್ನ ವಿಧಾನಸಭೆಯ ಮುಂದೆ ಬರಲಿ, ಮತ್ತು ಡೇರಿಯ ಸಾಲಿನಲ್ಲಿ ನಿಂತವರು ಆ ಚೀಟಿಯನ್ನು ಓದಿದಂತೆ ಓದಿಕೊಳ್ಳುವ ಹಾಗೆ ಅದು ಕನ್ನಡದಲ್ಲಿ ಸಿಗಲಿ.