ಸಿಪಾಯಿ ಹಕ್ಕಿಯ ಜೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ಗೆಳೆಯರೊಬ್ಬರು ಮೊನ್ನೆ ಸಿಕ್ಕಿಂ ಸುತ್ತಿ ಧಾರವಾಡಕ್ಕೆ ವಾಪಸ್ ಬಂದರು. ಬ್ಯಾಗು ಇಳಿಸಿದ್ದೇ ತಡ, ಮೊಬೈಲ್ ಹಿಡಿದು ನಮ್ಮ ಮನೆಗೆ ಹಾಜರು. "ಸರ, ಇದು ಯಾವ ಹಕ್ಕಿ ಹೇಳ್ರಿ ನೋಡೋಣ."

ಕೆಂಪು ಅಂದರೆ ಕೆಂಪು! ಬ್ಯಾಡಗಿ ಮೆಣಸಿನಕಾಯಿ ಗಿಡದಲ್ಲೇ ಹಣ್ಣಾಗಿ ಹೊಳೆಯುತ್ತದಲ್ವಾ, ಆ ಕೆಂಪು. ರೆಕ್ಕೆ, ಬಾಲ ಮಾತ್ರ ಕಪ್ಪುಗಂದು.

"ಮಿನಿವೆಟ್ ಇರಬೇಕ್ರಿ, ದಾಂಡೇಲ್ಯಾಗ ನೋಡೇನಿ" ಅಂದರು. ಆದರೆ ಮಿನಿವೆಟ್ ಎಂಬ ಆ ಕಾಡುಹಕ್ಕಿಯಲ್ಲಿ ಗಂಡಿನ ತಲೆ, ಬೆನ್ನು ಕರ್ರಗೆ. ಕೊಕ್ಕು ಸಣ್ಣ, ಹುಳ ಹಿಡಿಯೋಕೆ. ಫೋಟೊದ ಹಕ್ಕಿಯ ಕೊಕ್ಕು ಗಿಡ್ಡ, ದಪ್ಪ, ತಿಳಿ ಹಳದಿ. ಜೋಳದ ತೆನೆಯಲ್ಲಿ ಕಾಳು ಒಡೆಯುವ ಗುಬ್ಬಿಯ ಕೊಕ್ಕನ್ನು ಇನ್ನಷ್ಟು ಉಬ್ಬಿಸಿದ ಹಾಗೆ. ಅಂದರೆ ಕಾಳು ತಿನ್ನುವ ಫಿಂಚ್ ಬಳಗದ್ದು. ಹಿಮಾಲಯದಲ್ಲಿ ಕೆಂಪು ಫಿಂಚ್‌ಗಳಿಗೇನು ಬರವಿಲ್ಲ. ಆದರೆ ಹಲವಕ್ಕೆ ಗುಲಾಬಿ ಹುಬ್ಬೋ, ಬೆನ್ನ ಮೇಲೆ ಗೆರೆಯೋ ಇರುತ್ತದೆ. ಇದಕ್ಕೆ ಎರಡೂ ಇಲ್ಲ.

ಆಗ ಫೋಟೊದ ಅಂಚಿನಲ್ಲಿ ಒಂದು ಹಳದಿ ಚುಕ್ಕೆ ಕಂಡಿತು. "ಇದೇನು?"

"ಅದು ಬ್ಯಾರೆ ಹಕ್ಕಿರಿ, ಮಬ್ಬು ಹಸರು. ಚಂದ ಇರಲಿಲ್ಲ, ಕತ್ತರಿಸಿಬಿಟ್ಟೆ."

ಬೇರೆ ಎಲ್ಲಿಂದ ಬಂತು, ಅದೇ ಇದರ ಹೆಣ್ಣು! ಮೈಯೆಲ್ಲ ಆಲಿವ್ ಹಸಿರು, ಬಾಲದ ಬುಡದ ಮೇಲೆ ಅರಿಸಿನ ಬಳಿದಂಥ ಹಳದಿ. ಆ ಹಳದಿ ಸಿಕ್ಕಿತೆಂದರೆ ಅನುಮಾನವೇ ಬೇಡ, ಅದು ಸ್ಕಾರ್ಲೆಟ್ ಫಿಂಚ್. ಪೂರ್ವ ಹಿಮಾಲಯದ ಕಾಡಿನ ಹಕ್ಕಿ. ಬೇಸಿಗೆಯಲ್ಲಿ ಎತ್ತರದಲ್ಲಿದ್ದು, ಚಳಿಗೆ ಕೆಳಗಿಳಿಯುತ್ತದೆ. ನೇಪಾಳದಲ್ಲಿದ್ದ ಬ್ರಿಟಿಷ್ ಅಧಿಕಾರಿ, ಹಕ್ಕಿಗಳ ಅಭ್ಯಾಸಿ ಹಾಜ್‌ಸನ್ ಸಾಹೇಬರು 1836ರಲ್ಲಿ ಇದಕ್ಕೆ ಇಟ್ಟ ಹೆಸರು 'ಸಿಪಾಹಿ'. ಕಂಪನಿ ಸಿಪಾಯಿಗಳ ಕೆಂಪು ಕೋಟು ನೆನಪಾಗಿರಬೇಕು.

ಮೆಣಸಿನಕಾಯಿ ಮಾತು ಸುಮ್ನೆ ಎತ್ತಲಿಲ್ಲ. ಬ್ಯಾಡಗಿಯ ಕೆಂಪು ಕ್ಯಾರೊಟಿನಾಯ್ಡ್ ಎಂಬ ಬಣ್ಣದ್ದು. ಈ ಬಳಗದ ಹಕ್ಕಿಗಳ ಗರಿಗೆ ಕೆಂಪು ಕೊಡುವುದೂ ಅದೇ ಜಾತಿಯ ಬಣ್ಣ. ಅದಕ್ಕೆ ಬೇಕಾದ ಮೂಲ ತಿನ್ನುವ ಕಾಳು, ಹಣ್ಣು, ಮೊಗ್ಗಿನಿಂದ ಬರಬೇಕು. ಪಂಜರದ ಕಾಳು ತಿಂದು ಬೆಳೆದ, ಇದೇ ಬಳಗದ ರೋಸ್‌ಫಿಂಚ್‌ಗೆ ಗರಿ ಉದುರಿ ಹೊಸದು ಬಂದಾಗ ಕೆಂಪು ಮಾಸುತ್ತದೆ. ಗಂಡಿನ ಠೀವಿಯೆಲ್ಲ ಹೊಟ್ಟೆಯಿಂದ ಬಂದದ್ದು ಅನ್ನಿ.

"ಪೂರ್ತಿ ಫೋಟೊ ಇದೆಯಲ್ಲ?" ಅಂತ ಕೇಳಿದೆ.

"ಮೊಬೈಲ್ ತುಂಬಿತ್ರಿ, ಗ್ಯಾಂಗ್ಟಾಕ್‌ನ್ಯಾಗ ಅಳಿಸಿಬಿಟ್ಟೆ" ಅಂದರು. ಆಮೇಲೆ ಚಹಾ ಮುಗಿಯುವವರೆಗೂ ಆ ಹಳದಿ ಚುಕ್ಕೆಯನ್ನೇ ದೊಡ್ಡದು ಮಾಡಿ ಮಾಡಿ ನೋಡುತ್ತ ಕೂತಿದ್ದರು.